ಬಾವಲಿಗೆ ನೀರಿಲ್ಲದ ಊರು

ಮಲೆನಾಡಿನ ಪಟ್ಟಣಗಳು ಬೆಳೆಯುತ್ತಿವೆಯೆಂದು ಸಂಭ್ರಮಿಸುವವರು ಒಂದು ಮುಸ್ಸಂಜೆ ಹಳ್ಳದ ದಂಡೆಯಲ್ಲಿ ನಿಂತು ನೋಡಬೇಕು. ಬಾವಲಿ ದಡದಲ್ಲಿ ಕುಳಿತು ನೀರು ಕುಡಿಯುವ ಪ್ರಾಣಿಯಲ್ಲ. ಹಾರುತ್ತಲೇ ಕೆಳಗಿಳಿದು, ನೀರಿನ ಮೈಯನ್ನು ಸವರಿ ಮೇಲೇರುತ್ತದೆ. ಅದಕ್ಕೆ ತೆರೆದ, ನಿರಾಳವಾದ ನೀರೇ ಬೇಕು. ಮರಿಗೆ ಹಾಲೂಡುವ ತಾಯಿಗಂತೂ ಆ ನೀರಿನ ಅಗತ್ಯ ಇನ್ನೂ ಹೆಚ್ಚು.

ಕೀಟಾಹಾರಿ ಬಾವಲಿಗಳು ನೀರನ್ನು ಗುರುತಿಸುವುದು ಮುಖ್ಯವಾಗಿ ತಮ್ಮ ಧ್ವನಿಯ ಮಾರ್ದನಿಯಿಂದ. ಜರ್ಮನಿಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವು ನುಣುಪಾದ ಲೋಹದ ಹಲಗೆಯನ್ನೇ ನೀರೆಂದು ಭ್ರಮಿಸಿ ಕುಡಿಯಲು ಯತ್ನಿಸಿದವು. ಹಾಗಿರುವಾಗ ನೊರೆ ತುಂಬಿದ, ಅಂತರಗಂಗೆ ಹಬ್ಬಿದ ಕೆರೆ ಬಾವಲಿಯ ಪಾಲಿಗೆ ಕೆರೆಯಾಗಿ ಉಳಿದೀತೆ? 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನು ನಾಡೇ ಕಂಡಿತು. ಅದೇ ಮಾದರಿಯ ಅಭಿವೃದ್ಧಿ ಈಗ ಘಟ್ಟ ಹತ್ತುತ್ತಿದೆ.

ಕೊಡಗು, ಚಿಕ್ಕಮಗಳೂರುಗಳಲ್ಲಿ ಹಳ್ಳದ ಹರಿವು ಇಳಿಯುವ ಹೊತ್ತಿಗೇ ಕಾಫಿ ಪಲ್ಪಿಂಗ್ ನಡೆಯುತ್ತದೆ. ಶುದ್ಧೀಕರಿಸದೆ ಬಿಟ್ಟ ಪಲ್ಪರ್ ನೀರು ಕೊಳೆತು ಹಳ್ಳದ ಆಮ್ಲಜನಕವನ್ನು ಹೀರುತ್ತದೆ. ಮೀನು, ನೀರುಹುಳುಗಳು ಸಾಯುತ್ತವೆ. ಪಟ್ಟಣದ ಚರಂಡಿ, ರೆಸಾರ್ಟುಗಳ ಶೌಚದ ನೀರು ಅದಕ್ಕೆ ಜೊತೆಗೂಡುತ್ತವೆ. ನೀರಿನಲ್ಲಿ ಹುಟ್ಟಿ ರೆಕ್ಕೆ ಪಡೆಯುವ ಕೀಟಗಳೇ ಅನೇಕ ಬಾವಲಿಗಳ ಆಹಾರ. ಕೊಳಚೆಯಲ್ಲೂ ಬದುಕುವ ನುಸಿಗಳು ಉಳಿದಾವು. ಆದರೆ ಕೊಳಚೆಯಲ್ಲಿ ಭಾರಲೋಹವಿದ್ದರೆ ಅದು ಅವುಗಳ ಮೂಲಕ ಬಾವಲಿಯ ಒಡಲು ಸೇರುತ್ತದೆ.

ಇತ್ತ ರಸ್ತೆ ಅಗಲೀಕರಣಕ್ಕೆ ಸಾಲುಮರಗಳು ಉರುಳುತ್ತಿವೆ. ದೊಡ್ಡ ತೊಗಲುಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಹೆರುವುದು ಒಂದೇ ಮರಿ. ಒಂದು ಆಲದಮರ ಬಿದ್ದರೆ ನೂರಾರು ಬಾವಲಿಗಳ ನೆಲೆ ತಪ್ಪುತ್ತದೆ. ಆ ನಷ್ಟ ಒಂದೆರಡು ವರ್ಷಗಳಲ್ಲಿ ತುಂಬುವಂಥದ್ದಲ್ಲ.

ನಿಪಾ ರೋಗದ ಭಯವನ್ನು ಮುಂದೊಡ್ಡಿ ಇದನ್ನು ಸಮರ್ಥಿಸುವವರಿದ್ದಾರೆ. 2018ರಲ್ಲಿ ಕೋಳಿಕ್ಕೋಡಿನಲ್ಲಿ ಸಂಭವಿಸಿದ ಸಾವುಗಳು ನಿಜ. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದೆಂಬ ಎಚ್ಚರಿಕೆಯೂ ಸರಿ. ಆದರೆ ಮರ ಕಡಿದರೆ ರೋಗ ತೊಲಗದು. ಚದುರಿದ ಬಾವಲಿಗಳು ಮನುಷ್ಯರ ಅಂಗಳಕ್ಕೇ ಬರುತ್ತವೆ. ಹಣ್ಣಿನ ಬಾವಲಿಗಳನ್ನು ಕ್ಷುದ್ರಜೀವಿಗಳೆಂದು ಹೆಸರಿಸಿದ್ದ ವನ್ಯಜೀವಿ ಕಾಯ್ದೆಯ ಪಟ್ಟಿಯನ್ನೇ 2022ರ ತಿದ್ದುಪಡಿ ತೆಗೆದುಹಾಕಿತು. ಕಾಯ್ದೆ ಬದಲಾಯಿತು, ಧೋರಣೆ ಬದಲಾಗಲಿಲ್ಲ.

ಪಲ್ಪರ್ ನೀರಾಗಲಿ, ಚರಂಡಿಯಾಗಲಿ ಶುದ್ಧಗೊಳ್ಳದೆ ಹಳ್ಳಕ್ಕಿಳಿಯಕೂಡದು. ದಂಡೆಯ ಮರಗಳಿಗೂ ಬಾವಲಿಗಳು ನೆಲೆಸಿದ ಹಿರಿಯ ಮರಗಳಿಗೂ ಕೊಡಲಿ ತಾಗಕೂಡದು. ಪ್ರತಿ ಗ್ರಾಮಸಭೆಯೂ ಇದನ್ನು ನಿರ್ಣಯವಾಗಿ ದಾಖಲಿಸಲಿ. ಬಾವಲಿ ಕುಡಿಯಲಾಗದ ನೀರು ಅಲ್ಲಿಗೇ ನಿಲ್ಲುವುದಿಲ್ಲ; ಕೆಳಗಿನ ಊರಿನ ಗದ್ದೆಗೆ, ದನಕರುಗಳ ಬಾಯಿಗೆ, ಕೊನೆಗೆ ಮನೆಯ ಕೊಡಕ್ಕೇ ಬರುತ್ತದೆ.