ಲಂಗರು ಹಾಕಿದ ಮೇಲೆ

ಮೊನ್ನೆ ರಾತ್ರಿ ಊಟವಾದ ಮೇಲೆ ಮಗಳು ಒಂದು ಚಿತ್ರ ತೋರಿಸಿದಳು. ನೀಲಿ ಸಮುದ್ರ, ದಡದಲ್ಲಿ ತೆಂಗಿನ ಮರಗಳು, ನಡುವೆ ಲಂಗರು ಹಾಕಿ ನಿಂತ ಬಿಳಿಯ ಹಾಯಿದೋಣಿ. ದೋಣಿಯ ಹಗ್ಗದ ಮೇಲೆ ಮಕ್ಕಳ ಬಟ್ಟೆ ಒಣಗುತ್ತಿತ್ತು. "ಅಬ್ಬಾ, ಇವರು ತಿಂಗಳುಗಟ್ಟಲೆ ಇಲ್ಲೇ ಇರ್ತಾರಂತೆ. ಎಷ್ಟು ಆರಾಮ! ಕೆಲಸವೇ ಇಲ್ಲ" ಎಂದಳು.

ಅದು ಕೆರಿಬಿಯನ್ ಸಮುದ್ರದ ಕ್ಯಾರಿಯಕೂ ಎಂಬ ಪುಟ್ಟ ದ್ವೀಪ. ಗ್ರೆನಾಡ ದೇಶಕ್ಕೆ ಸೇರಿದ್ದು. ಅಮೆರಿಕ, ಯುರೋಪಿನ ಕೆಲವು ಕುಟುಂಬಗಳು ಚಳಿಗಾಲ ಕಳೆಯಲು ಇಂತಹ ದ್ವೀಪಗಳಿಗೆ ಬಂದು, ದೋಣಿಯನ್ನೇ ಮನೆ ಮಾಡಿಕೊಳ್ಳುತ್ತವೆ. ಆದರೆ ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಇದೇ ದ್ವೀಪಕ್ಕೆ ಅಪ್ಪಳಿಸಿತು. ಬಹುಪಾಲು ಮನೆಗಳು ಹಾಳಾದವು. ಆಸರೆಗೆಂದು ಕಾಂಡ್ಲಾ ಕಾಡಿನ ನಡುವೆ ಕಟ್ಟಿದ್ದ ದೋಣಿಗಳಲ್ಲೂ ಅನೇಕವು ನುಚ್ಚುನೂರಾದವು. ಚಿತ್ರದಲ್ಲಿ ಆರಾಮ ಕಾಣುತ್ತದೆ, ಎಚ್ಚರ ಕಾಣುವುದಿಲ್ಲ.

ನಿಂತ ಹಡಗಿನ ಬದುಕು ಎಂಥದೆಂದು ನಾನು ತಿಳಿದದ್ದು ಅಷ್ಟು ದೂರದಿಂದಲ್ಲ, ನಮ್ಮ ಮಂಗಳೂರಿನ ಹಳೆ ಬಂದರಿನಿಂದ. ಮದ್ರಸದಲ್ಲಿ ನನ್ನ ಜೊತೆ ಕಲಿತ ಅಮಿನಿ ದ್ವೀಪದ ಗೆಳೆಯನೊಬ್ಬ ಕೆಲವು ವರ್ಷ ಮಂಜಿಯಲ್ಲಿ ದುಡಿದಿದ್ದ. ಮಂಜಿ ಎಂದರೆ ಸರಕು ಸಾಗಿಸುವ ಮರದ ಹಡಗು. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತದೆ. ಮಳೆಗಾಲ ಬಂತೆಂದರೆ ಬಂದರಿನಲ್ಲೇ ತಂಗುತ್ತದೆ.

ಈ ದ್ವೀಪಗಳೊಂದಿಗೆ ನಮ್ಮ ನಾಡಿಗೆ ಹಳೆಯ ನಂಟಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರ 1787ರಲ್ಲಿ ಟಿಪ್ಪು ಸುಲ್ತಾನರ ಆಳ್ವಿಕೆಗೆ ಬಂದವು. 1799ರಲ್ಲಿ ಬ್ರಿಟಿಷರ ಕೈಸೇರಿ, ಮೊದಲು ಕೆನರಾ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಹಾಗೆಯೇ ಇದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಯ ಅಕ್ಕಿ ಅಲ್ಲಿಯ ಗಂಜಿಯಾಗುತ್ತಿತ್ತು.

"ಹಡಗು ಓಡುವಾಗ ಎಲ್ಲರೂ ಎಚ್ಚರವಾಗಿರ್ತಾರೆ. ನಿಂತಾಗಲೇ ಮೈಮರೆಯೋದು" ಎನ್ನುತ್ತಿದ್ದ ಗೆಳೆಯ. ದ್ವೀಪದ ಸುತ್ತ ಹವಳದ ದಂಡೆ ಇರುತ್ತದೆ. ಅದರೊಳಗಿನ ನೀರು ಶಾಂತ. ದೊಡ್ಡ ಹಡಗುಗಳು ಹೊರಗೇ ನಿಲ್ಲುತ್ತವೆ, ಮಂಜಿಗಳು ಕಿರಿದಾದ ದಾರಿಯಲ್ಲಿ ಒಳಗೆ ಬರುತ್ತವೆ. ಲಂಗರನ್ನು ಮರಳಿರುವ ಕಡೆ ನೋಡಿಯೇ ಇಳಿಸಬೇಕು. ಹವಳದ ಮೇಲೆ ಬಿದ್ದರೆ ಎಷ್ಟೋ ವರ್ಷಗಳಲ್ಲಿ ಬೆಳೆದದ್ದು ಒಂದು ಕ್ಷಣದಲ್ಲಿ ಪುಡಿ. ಆಳದ ಐದಾರು ಪಟ್ಟು ಹಗ್ಗ ಬಿಡಬೇಕು. ಆಗ ಮಾತ್ರ ಲಂಗರು ಮಲಗಿ ಮರಳನ್ನು ಕಚ್ಚುತ್ತದೆ. ಬಳಿಕ ದಡದಲ್ಲಿ ಎರಡು ಗುರುತು ಇಟ್ಟುಕೊಳ್ಳಬೇಕು, ಒಂದು ಮಸೀದಿ, ಒಂದು ತೆಂಗಿನ ಮರ. ರಾತ್ರಿ ಸರದಿಯಂತೆ ಎದ್ದು, ಗುರುತುಗಳು ಇದ್ದಲ್ಲೇ ಇವೆಯೇ ಎಂದು ನೋಡಬೇಕು. ಸರಿದಿದ್ದರೆ, ಸರಿದದ್ದು ಮಸೀದಿಯಲ್ಲ, ನಾವು!

ಎಲ್ಲಕ್ಕಿಂತ ಕಷ್ಟ ನೀರಿನದ್ದು. ಸುತ್ತ ಸಮುದ್ರ, ಕುಡಿಯಲು ಒಂದು ಪೀಪಾಯಿ. ಪಾತ್ರೆ ತೊಳೆಯುವುದು, ಸ್ನಾನ, ವುಝೂ ಎಲ್ಲವೂ ಉಪ್ಪುನೀರಿನಲ್ಲೇ. ದ್ವೀಪದವರ ಪಾಡೂ ಬಹಳ ಬೇರೆಯಲ್ಲ. ಮಳೆಯ ಸಿಹಿನೀರು ನೆಲದಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಒಂದು ಮನೆಯ ದುರಾಸೆ ನೆರೆಮನೆಯ ಬಾವಿಯನ್ನೂ ಕೆಡಿಸಬಲ್ಲದು. 2005ರಲ್ಲಿ ಕವರತ್ತಿಯಲ್ಲಿ, ಮೇಲಿನ ಬೆಚ್ಚಗಿನ ನೀರು ಮತ್ತು ಆಳದ ತಣ್ಣನೆಯ ನೀರಿನ ಸಹಾಯದಿಂದ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕ ಆರಂಭವಾಯಿತು. ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ್ದು. ಅಲ್ಲಿಯವರಿಗೆ ಅದೆಷ್ಟು ದೊಡ್ಡ ಅನುಗ್ರಹ ಎಂದು ನಲ್ಲಿ ತಿರುಗಿಸಿ ಬದುಕುವ ನಮಗೆ ಅರ್ಥವಾಗುವುದು ಕಷ್ಟ.

ನನಗೂ ಅರ್ಥವಾಗಿರಲಿಲ್ಲ. ಹನುಮಂತನಗರದಲ್ಲಿ ನಾವಿರುವ ಕಟ್ಟಡಕ್ಕೆ ಮೂರು ಮನೆ, ಒಂದೇ ಸಂಪು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಅದಕ್ಕೆ ಕೆಲವೇ ದಿನ ಮೊದಲು ನಾನು ಪೈಪು ಹಿಡಿದು ಸ್ಕೂಟರ್ ತೊಳೆದಿದ್ದೆ. ಮಾರನೆಯ ದಿನ ಸಂಪು ಖಾಲಿ. ಕೆಳಮನೆಯ ವಯಸ್ಸಾದ ಅಮ್ಮ ಬರಿಯ ಕೊಡ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ನನ್ನನ್ನು ಬೈಯಲಿಲ್ಲ. "ಮೇಷ್ಟ್ರೇ, ನಿಮ್ಮನೇಲಾದ್ರೂ ಸ್ವಲ್ಪ ಇದ್ಯಾ?" ಎಂದು ಕೇಳಿದರು ಅಷ್ಟೇ. ತರಗತಿಯಲ್ಲಿ ನೆರೆಹೊರೆಯ ಹಕ್ಕುಗಳನ್ನು ಕಲಿಸುವ ನನಗೆ ಅಂದು ತಲೆ ಎತ್ತಲಾಗಲಿಲ್ಲ. ಮನೆಯೊಳಗಿದ್ದ ಎರಡು ಬಿಂದಿಗೆಯಲ್ಲಿ ಒಂದನ್ನು ಕೆಳಗೆ ಕೊಟ್ಟುಬಂದೆ. ಪೈಪನ್ನು ಸುತ್ತಿ ಅಟ್ಟಕ್ಕೆ ಹಾಕಿದೆ. ಅದು ಇಂದಿಗೂ ಅಲ್ಲೇ ಇದೆ.

ಕುರ್‌ಆನಿನ ಹೂದ್ ಅಧ್ಯಾಯದಲ್ಲಿ ಪ್ರವಾದಿ ನೂಹ್(ಅ)ರ ನಾವೆಯ ಪ್ರಸ್ತಾಪ ಬರುವಾಗ, ಅದು ಚಲಿಸುವುದನ್ನು ಮಾತ್ರವಲ್ಲ, ನಿಲ್ಲುವುದನ್ನೂ ಅಲ್ಲಾಹನ ನಾಮದೊಂದಿಗೆ ಜೋಡಿಸಲಾಗಿದೆ. ಚಿಕ್ಕಂದಿನಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ನಿಲ್ಲುವುದಕ್ಕೂ ಏಕೆ ಆ ನಾಮ ಬೇಕೆಂದು ಹೊಳೆದದ್ದು ಆ ಬರಿಯ ಕೊಡ ನೋಡಿದ ಮೇಲೆ. ಪ್ರಯಾಣದಲ್ಲಿ ದುಆ ಮಾಡುವ ನಾವು, ಸ್ವಂತ ಮನೆಯಲ್ಲಿ ನೆಲೆಯಾದೊಡನೆ ಲೆಕ್ಕವನ್ನೂ ಎಚ್ಚರವನ್ನೂ ಮರೆತುಬಿಡುತ್ತೇವೆ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಮಗಳು ಚಿತ್ರವನ್ನು ಮತ್ತೊಮ್ಮೆ ನೋಡಿದಳು. "ಹಾಗಾದ್ರೆ ಈ ಬಟ್ಟೆ ಎಲ್ಲಾ ಉಪ್ಪುನೀರಲ್ಲಿ ಒಗೆದಿದ್ದಾ?" ಎಂದಳು. ಬಳಿಕ ಎದ್ದುಹೋಗಿ, ಅಡುಗೆಮನೆಯಲ್ಲಿ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಬಂದಳು.

ನಿಮ್ಮ ಮನೆಯ ನಲ್ಲಿಯನ್ನೂ ಒಮ್ಮೆ ನೋಡಿ ಬನ್ನಿ. ಕೆಳಗೆ ಯಾರೋ ಕೊಡ ಹಿಡಿದು ನಿಂತಿರಬಹುದು.