ಹೋರಾಟಗಾರನ ಹೆಸರು ಎಲ್ಲಿರಬೇಕು?

ಹೋರಾಟದಿಂದ ಬಂದು ಶಾಸಕರಾದವರು ತೀರಿಕೊಂಡಾಗ ಅಭಿಮಾನಿಗಳ ಬಾಯಲ್ಲಿ ಮೊದಲು ಬರುವುದು ಪುತ್ಥಳಿಯ ಮಾತು, ಇಲ್ಲವೆ ಚೌಕಿಗೆ ಹೆಸರಿಡುವ ಮಾತು. ಯಾವ ಕೆಲಸಕ್ಕಾಗಿ ಈ ಗೌರವ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ.

ವೈಜನಾಥ ಪಾಟೀಲರನ್ನೇ ನೋಡಿ. ಚಿಂಚೋಳಿಯಿಂದ 1994ರಲ್ಲೂ 2004ರಲ್ಲೂ ಗೆದ್ದರು, ಮಂತ್ರಿಯಾದರು, 2019ರ ನವೆಂಬರಿನಲ್ಲಿ ತೀರಿಕೊಂಡರು. ಹುದ್ದೆಯೇ ಅಳತೆಯಾದರೆ ಅದೇ ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿಯಾಗಿದ್ದವರು. ಹೋಲಿಕೆಗೆ ಜಾಗವೇ ಇಲ್ಲ. ವೈಜನಾಥರನ್ನು ಜನ ನೆನೆಯುವುದು ಮಂತ್ರಿಗಿರಿಗಲ್ಲ, ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ವರ್ಷಗಟ್ಟಲೆ ಬೀದಿಗಿಳಿದದ್ದಕ್ಕೆ. ಅಡ್ವಾಣಿ ಗೃಹ ಸಚಿವರಾಗಿದ್ದಾಗ ಕೇಂದ್ರ ತಳ್ಳಿಹಾಕಿದ್ದ ಆ ಬೇಡಿಕೆಗೆ 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಸಂವಿಧಾನಕ್ಕೆ 371 ಜೆ ಕಲಂ ಸೇರಿತು.

ತಕರಾರು ಶುರುವಾಗುವುದು ಇಲ್ಲೇ. ಯಶಸ್ಸು ಬೀದಿಯಲ್ಲಿದ್ದ ಪಾಟೀಲರದೋ, ದೆಹಲಿಯಲ್ಲಿ ಪಟ್ಟು ಹಿಡಿದ ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ಅವರದೋ? ಒಬ್ಬರನ್ನು ಏರಿಸಲು ಇನ್ನೊಬ್ಬರನ್ನು ಇಳಿಸುವ ವಾದವಿದು. ಕೂಗು ಇಲ್ಲದೆ ದೆಹಲಿ ಕಿವಿಗೊಡುತ್ತಿರಲಿಲ್ಲ. ಅಧಿಕಾರದಲ್ಲಿ ನಮ್ಮವರಿಲ್ಲದೆ ಕೂಗು ಕಾಯ್ದೆಯಾಗುತ್ತಿರಲಿಲ್ಲ. ಇಂಥ ಕೂಡುಗೆಲಸವನ್ನು ಕಂಚಿನ ಒಂದು ಮುಖಕ್ಕೆ ಬರೆದುಕೊಡುವುದು ಇತಿಹಾಸಕ್ಕೂ ನ್ಯಾಯವಲ್ಲ, ಆ ಹಿರಿಯರಿಗೂ ಅಲ್ಲ.

ಹಾಗೆಂದು ಪುತ್ಥಳಿಗಳೇ ಬೇಡ ಎನ್ನುವುದು ತೀರಾ ಸುಲಭದ ಮಾತು. ಊರ ನಡುವೆ ನಿಲ್ಲುವ ಹಕ್ಕೇ ಇಲ್ಲದಿದ್ದವರು ಅಂಬೇಡ್ಕರ್ ಮೂರ್ತಿ ನಿಲ್ಲಿಸಿದಾಗ ಆ ಜಾಗಕ್ಕೆ ಹಕ್ಕು ಸಾಧಿಸಿದಂತೆ. ಅಧಿಕಾರ ಉಂಡ ಶಾಸಕರ ಮೂರ್ತಿಗೆ ಆ ಬಲವಿಲ್ಲ. ಮೇಲಾಗಿ ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ರಾಜ್ಯಗಳಿಗೆ ಹೇಳಿದೆ.

ಅವಸರದ ಗೌರವ ಎಷ್ಟು ಫಜೀತಿ ತರುತ್ತದೆಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. 1992ರಲ್ಲಿ ಸುಭಾಷ್ ಚಂದ್ರ ಬೋಸರಿಗೆ ಮರಣೋತ್ತರ ಭಾರತ ರತ್ನವೆಂದು ಕೇಂದ್ರ ಪ್ರಕಟಿಸಿತು. ಮನೆಯವರೇ ಒಪ್ಪಲಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕಟಣೆಯನ್ನೇ ರದ್ದೆಂದಿತು.

ಶಹಾಬಾದಿ ಫರ್ಸಿ ಹಾಸಿ ಕಟ್ಟೆ ಕಟ್ಟಿಸುವುದು ಸರ್ಕಾರಕ್ಕೆ ಅಗ್ಗದ ಕೆಲಸ, ಏಕೆಂದರೆ ಕಲ್ಲು ಪ್ರಶ್ನೆ ಕೇಳುವುದಿಲ್ಲ. 371 ಜೆ ಕೇಳುತ್ತದೆ. ಈ ಭಾಗದ ಸಿ ದರ್ಜೆಯ ಹುದ್ದೆಗಳಲ್ಲಿ ಶೇ 80, ಡಿ ದರ್ಜೆಯಲ್ಲಿ ಶೇ 85 ಸ್ಥಳೀಯರಿಗೆಂದು ನಿಯಮವಿದೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಕಚೇರಿಗಳಲ್ಲಿ ಎಷ್ಟು ಕುರ್ಚಿ ಖಾಲಿ, ವಾಡಿ, ಶಹಾಬಾದಿನ ಯಾವ ಶಾಲೆಗೆ ಮೇಷ್ಟ್ರಿಲ್ಲ, ಅಭಿವೃದ್ಧಿ ಮಂಡಳಿಯ ಹಣ ಯಾವ ಓಣಿಗೆ ತಲುಪಿತು ಎಂಬ ಲೆಕ್ಕವನ್ನು ವೈಜನಾಥ ಪಾಟೀಲರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಪ್ರಕಟಿಸಲಿ. ಈ ಭಾಗದ ವಿಮೋಚನಾ ದಿನವಾದ ಸೆಪ್ಟೆಂಬರ್ 17ರಂದು ಮುಖ್ಯಮಂತ್ರಿಗಳು ಕಲಬುರಗಿಗೆ ಬಂದು ಸರ್ದಾರ್ ಪಟೇಲರ ಪುತ್ಥಳಿಗೆ ಮಾಲೆ ಹಾಕುವ ವಾಡಿಕೆ ಇದ್ದೇ ಇದೆ. ಲೆಕ್ಕವನ್ನು ಅದೇ ವೇದಿಕೆಯಲ್ಲಿ ಓದಬಹುದು. ಅದರಿಂದ ಯಾವ ಪಕ್ಷಕ್ಕೆ ಮುಜುಗರ ಎಂಬುದು ಆ ವರ್ಷ ವಿಧಾನಸೌಧದಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ.