ಎಳೆಯರ ಲೆಕ್ಕವನ್ನು ಅಳೆಯುವ ಬಗೆ

5, 8 ಮತ್ತು 9ನೆಯ ತರಗತಿಗಳ ರಾಜ್ಯಮಟ್ಟದ ಪರೀಕ್ಷೆಗಳ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2024ರ ಏಪ್ರಿಲಿನಲ್ಲಿ ಫಲಿತಾಂಶಗಳಿಗೆ ತಡೆಯುಂಟಾದುದನ್ನು ವಾಚಕರು ಬಲ್ಲರು. ಗಣಿತದ ಮಟ್ಟಿಗಾದರೋ, ಮಗುವಿನ ಏಳುಬೀಳು ಅದಕ್ಕೂ ಮುಂಚಿನ ಮೂರು ತರಗತಿಗಳಲ್ಲಿಯೇ ಬಹುಮಟ್ಟಿಗೆ ನಿರ್ಣಯವಾಗುವುದೆಂಬುದು ನಮ್ಮ ಅಭಿಪ್ರಾಯ. ಎರಡನೆಯ ತರಗತಿಯ ಮಗುವು 99ರವರೆಗಿನ ವ್ಯವಕಲನವನ್ನು ಮಾಡಬಲ್ಲುದಾಗಬೇಕೆಂದು 2021ರ ನಿಪುಣ ಭಾರತ ಯೋಜನೆಯು ಗುರಿಯಿಟ್ಟಿದೆ. ಗುರಿಯು ಯುಕ್ತವೇ, ಮಗುವು ಅದನ್ನು ಮುಟ್ಟಿತೆಂಬುದನ್ನು ಅರಿಯುವ ಬಗೆ ಯಾವುದು?

52ರಲ್ಲಿ 37ನ್ನು ಕಳೆಯಹೇಳಿರೆನ್ನೋಣ. ಒಬ್ಬಳು 25 ಎಂದು ಬರೆಯುವಳು; ಎರಡರಲ್ಲಿ ಏಳು ಹೋಗದೆಂದು ಏಳರಲ್ಲಿಯೇ ಎರಡನ್ನು ಕಳೆದಿರುವಳು. ಮತ್ತೊಬ್ಬನು 16 ಎನ್ನುವನು. ಕ್ರಮವನ್ನು ಬಲ್ಲನು, ಎಣಿಕೆಯಲ್ಲಿ ಒಂದು ತಪ್ಪಿತು. ಇಬ್ಬರಿಗೂ ಸೊನ್ನೆಯೇ. ಆದರೆ ಆಕೆಗೆ ಬೇಕಾದುದು ಹತ್ತರ ಕಡ್ಡಿಕಟ್ಟನ್ನು ಬಿಚ್ಚಿ ತೋರಿಸುವ ಪಾಠ. ಆತನಿಗೆ ಕೊಂಚ ಅಭ್ಯಾಸವೇ ಸಾಕು. ಮೂರನೆಯವನು ಸ್ಲೇಟಿನ ಮೇಲೆ ಐವತ್ತೆರಡು ಗೀಟೆಳೆದು, ಒಂದೊಂದಾಗಿ ಹೊಡೆದುಹಾಕಿ, 15 ಎಂದು ಪೂರ್ಣಾಂಕವನ್ನು ಪಡೆಯುವನು. ಮುಂದಿನ ವರ್ಷ ಮೂರಂಕಿಯ ಲೆಕ್ಕ ಬಂದಾಗ ಮುಗ್ಗರಿಸತಕ್ಕವನು ಅವನೇ! ಉತ್ತರವನ್ನಷ್ಟೇ ನೋಡುವ ಪರೀಕ್ಷೆಗೆ ಈ ಮೂವರ ಭೇದವು ಕಾಣದು.

2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯವರು ಹಳ್ಳಿಯ ಮನೆಮನೆಗೆ ಹೋಗಿ ಒಂದೊಂದೇ ಮಗುವನ್ನು ಪ್ರಶ್ನಿಸುವರು. ಕ್ರಮವು ಒಳ್ಳೆಯದು; ಅದರಿಂದ ತಿಳಿಯುವುದು ಮಾತ್ರ ನಾಡಿನ ಸ್ಥಿತಿ, ಉಪಾಧ್ಯಾಯರ ನಾಳಿನ ಪಾಠವಲ್ಲ. ಆ ಕೆಲಸಕ್ಕೆ ನಮ್ಮಲ್ಲಿಯೇ ಹುಟ್ಟಿದ ಮಾರ್ಗವುಂಟು. 1995ರಲ್ಲಿ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಆರಂಭವಾದ ನಲಿಕಲಿಯಲ್ಲಿ ಪ್ರತಿಯೊಂದು ಮಗುವೂ ಕಲಿಕೆಯ ಏಣಿಯನ್ನು ತನ್ನ ವೇಗದಲ್ಲಿ ಏರತಕ್ಕದ್ದು. ಪರೀಕ್ಷೆಯು ಕಲಿಕೆಯೊಳಗೇ ಅಡಗಿರುವುದು. ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯ ಕಡೆಯಂತೆ ಮನೆಗಳು ತೋಟದ ನಡುವೆ ಚದುರಿರುವ ಮಲೆನಾಡಿಗೆ ಇದು ಬಲು ಒಪ್ಪುವಂಥದು. ಹತ್ತು ಹನ್ನೆರಡು ಮಕ್ಕಳಷ್ಟೇ ಇರುವಲ್ಲಿ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಕೇಳುವುದು ಅಸಾಧ್ಯವಲ್ಲ.

ಆದರೆ ಬಿಸಿಯೂಟದ ಲೆಕ್ಕವನ್ನೂ ಗಣಕಯಂತ್ರದ ವರದಿಗಳನ್ನೂ ಅದೇ ಉಪಾಧ್ಯಾಯರ ತಲೆಗೆ ಕಟ್ಟಿದರೆ, ಪ್ರಗತಿಯ ಪಟವು ಮೇಲಿನವರ ಕಣ್ಣಿಗಾಗಿ ತುಂಬತಕ್ಕ ಕಾಗದವಾಗುವುದು. ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಮೆಟ್ಟಿಲನ್ನೇರಿದಂತೆ ಗುರುತಿದ್ದರೆ ತನಿಖಾಧಿಕಾರಿಗಳು ಸಂತೋಷಪಡದೆ ಸಂಶಯಪಡುವುದು ಮೇಲು. ಅವರು ಶೇಕಡಾವಾರನ್ನು ಬದಿಗಿಟ್ಟು, ಇಬ್ಬರು ಮಕ್ಕಳನ್ನು ಕರೆದು, "ಈ ಉತ್ತರ ಹೇಗೆ ಬಂತು, ಹೇಳಪ್ಪಾ" ಎಂದು ಕೇಳಲಿ. ಉಪಾಧ್ಯಾಯರಿಗೆ ಆ ಪ್ರಶ್ನೆಗಾಗಿ ವಾರದಲ್ಲಿ ಒಂದು ಹೊತ್ತನ್ನು ಬರವಣಿಗೆಯ ಕೆಲಸದಿಂದ ಬಿಡಿಸಿಕೊಡಲಿ. ಇದಕ್ಕೆ ಹೊಸ ಕಾಯಿದೆ ಬೇಡ. ವಿದ್ಯಾ ಇಲಾಖೆಯವರ ಒಂದು ಸುತ್ತೋಲೆ ಸಾಕು.